ನೋಲಾ ಬಾಲ್ ಹಿಡಿದ ದಿನ ಮನೇಲಿ ಯಾಕಿಷ್ಟು ಟೆನ್ಷನ್?

ಪ್ರಶ್ನೆ: ನಮಸ್ಕಾರ ಸಾರ್. ನಾವಿರೋದು ನ್ಯೂಜೆರ್ಸಿಯ ಚೆರಿ ಹಿಲ್‌ನಲ್ಲಿ, ಮೂಲ ಹಾಸನದ ಕಡೆ. ಕ್ರಿಕೆಟ್ ಬಿಟ್ರೆ ಬೇರೆ ಆಟಾನೇ ಗೊತ್ತಿಲ್ದೆ ಬಂದವನು, ಮಗನ ದೆಸೆಯಿಂದ ಬೇಸ್‌ಬಾಲ್ ಹುಚ್ಚು ಹತ್ತಿಸ್ಕೊಂಡೆ, ಈಗ ಫಿಲಡೆಲ್ಫಿಯಾ ಫಿಲೀಸ್ ಮ್ಯಾಚ್ ಇದ್ರೆ ರಾತ್ರಿ ಊಟ ಟಿವಿ ಮುಂದೇನೇ. ನನ್ನ ಸಂಕಟ ಆ ಟೀಮಿನ ಪಿಚರ್, ಅಂದ್ರೆ ನಮ್ಮ ಬೌಲರ್ ಥರ ಬಾಲ್ ಹಾಕೋ ಏರನ್ ನೋಲಾದು. ಒಂದಿನ ಏಳು ಇನಿಂಗ್ಸ್ (ಮೂರು ಔಟ್‌ಗೆ ಒಂದು, ಮ್ಯಾಚ್‌ಗೆ ಒಂಬತ್ತು) ಒಂದೂ ರನ್ ಕೊಡದೆ ಹಾಕ್ತಾನೆ, ಐದು ದಿನ ಬಿಟ್ಟು ಬಂದು ನಾಲ್ಕನೇ ಇನಿಂಗ್ಸ್ ಹೊತ್ತಿಗೆ ಆರು ರನ್ ಕೊಟ್ಟು ಕೂತಿರ್ತಾನೆ. ನನ್ನ ಹೆಂಡತಿ ಲೆಕ್ಕ ಹಾಕಿ ಹೇಳ್ತಾಳೆ, ಸಮ ವರ್ಷ ಬಂದ್ರೆ ಚೆನ್ನಾಗಿ ಆಡ್ತಾನೆ, ಬೆಸ ವರ್ಷ ಬಂದ್ರೆ ಕೆಡ್ತಾನೆ ಅಂತ. ಇದು ತಲೆಯ ಸಮಸ್ಯೆನಾ ಕೈಯ ಸಮಸ್ಯೆನಾ? 172 ಮಿಲಿಯನ್ ಡಾಲರ್ ಕೊಟ್ಟಿದಾರೆ, ಬೇರೆ ಟೀಮಿಗೆ ದಾಟಿಸಿ ಕೈ ತೊಳ್ಕೊಳ್ಳೋಕೆ ಆಗಲ್ವಾ? ಕೊನೇದಾಗಿ, ಮಗನ ಹುಟ್ಟಿದಹಬ್ಬಕ್ಕೆ ಟಿಕೆಟ್ ತಗೋಬೇಕು, ನೋಲಾ ಹಾಕೋ ದಿನ ತಗೊಳ್ಳೋದೋ ಬೇಡ್ವೋ ಹೇಳಿ.

ಉತ್ತರ: ಮೊದಲು ನಿಮ್ಮ ಮನೆಯವರ ಲೆಕ್ಕಕ್ಕೇ ಬರ್ತೀನಿ, ಯಾಕಂದ್ರೆ ಅವರು ಹೇಳಿದ್ದು ಗಾಳಿಮಾತಲ್ಲ. ಇಆರ್‌ಎ ಅಂದ್ರೆ ಫೀಲ್ಡರ್ ತಪ್ಪಿಂದ ಬಂದ ರನ್ ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟ ಅನ್ನೋ ಲೆಕ್ಕ, ಇದು ನಿಮಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳ್ದೆ. ನೋಲಾದು 2018ರಲ್ಲಿ 2.37, 2020ರಲ್ಲಿ 3.28, 2022ರಲ್ಲಿ 3.25, 2024ರಲ್ಲಿ 3.57. ಈಗ ಬೆಸ ವರ್ಷ ನೋಡಿ, 2019ರಲ್ಲಿ 3.87, 2021ರಲ್ಲಿ 4.63, 2023ರಲ್ಲಿ 4.46, 2025ರಲ್ಲಂತೂ 6.01. ಎಂಟು ವರ್ಷ ಒಂದೂ ತಪ್ಪದೆ ಹಿಂಗೆ ಬಂದ್ರೆ ಯಾರಿಗಾದ್ರೂ ಪಂಚಾಂಗ ತೆಗೆದು ನೋಡೋಣ ಅನ್ಸುತ್ತೆ. ಆದ್ರೆ ಇನ್ನೆರಡು ವರ್ಷ ಹಿಂದಕ್ಕೆ ಹೋಗಿ ಅಂತ ಅವರಿಗೆ ಹೇಳಿ. 2016 ಸಮ ವರ್ಷ, ಆವಾಗ 4.78. 2017 ಬೆಸ, ಆವಾಗ 3.54. ಅಲ್ಲಿಗೆ ಗ್ರಹಗತಿ ಲೆಕ್ಕ ಮುರಿದುಬಿತ್ತು.

ಸರಿ, ಗ್ರಹಗತಿ ಅಲ್ಲ ಅಂದ್ಮೇಲೆ ಇನ್ನೇನು? ನಾನು ಇವನನ್ನ ಸ್ಕೋರ್‌ಬುಕ್ ಇಟ್ಕೊಂಡು ನೋಡ್ತಿರೋನು, ಪ್ರತಿ ಪಿಚ್ ಬರ್ಕೊಳ್ಳೋ ಚಟ ನಂಗೆ, ಹೆಂಡ್ತಿ ಬೈತಾಳೆ ಅದು ಬೇರೆ ಮಾತು. ನಂಗನ್ಸೋದು ಇಷ್ಟು: ಒಳ್ಳೆ ನೋಲಾ ಕೆಟ್ಟ ನೋಲಾ ಅಂತ ಇಬ್ಬರಿಲ್ಲ, 2025ನ ಬಿಟ್ರೆ ಅಷ್ಟೂ ವರ್ಷ ಬಂದಿದ್ದು ಒಬ್ಬನೇ. ಅವನ ಆಟದ ಜಾತಿಯೇ ಕೂದಲೆಳೆ ಮೇಲೆ ನಡೆಯೋದು, ಒಂದೊಂದ್ಸಲ ಕಾಲು ಜಾರುತ್ತೆ, ಜಾರಿದಾಗ ಒಂದು ರನ್‌ಗೆ ನಿಲ್ಲಲ್ಲ, ನಾಲ್ಕಕ್ಕೆ ಹೋಗಿ ನಿಲ್ಲುತ್ತೆ.

ಇದಕ್ಕೆ 2021 ಮತ್ತು 2022ನ ಪಕ್ಕಪಕ್ಕ ಇಟ್ಟು ನೋಡ್ಬೇಕು. 2021, ನೀವೆಲ್ಲ ತಲೆ ಚಚ್ಕೊಂಡ ವರ್ಷ, 180 ಚಿಲ್ಲರೆ ಇನಿಂಗ್ಸ್‌ನಲ್ಲಿ 223 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ತೆಗೆದಿದ್ದ, ವಾಕ್ (ನಾಲ್ಕು ಬಾಲ್ ಗುರಿ ತಪ್ಪಿದ್ರೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಕೊಟ್ಟಿದ್ದು ಬರೀ 39. 2022, ವರ್ಲ್ಡ್ ಸೀರೀಸ್‌ಗೆ ಅಂದ್ರೆ ಫೈನಲ್‌ಗೆ ಹೋದ ವರ್ಷ, 205 ಇನಿಂಗ್ಸ್‌ನಲ್ಲಿ 235 ಸ್ಟ್ರೈಕ್‌ಔಟ್, 29 ವಾಕ್. ಈಗ ಒಂಬತ್ತು ಇನಿಂಗ್ಸ್ ಲೆಕ್ಕಕ್ಕೆ ತನ್ನಿ, ಕೆಟ್ಟ ವರ್ಷದಲ್ಲಿ 11ರ ಮೇಲೆ ಸ್ಟ್ರೈಕ್‌ಔಟ್ ಬಿದ್ದಿದೆ, ಒಳ್ಳೆ ವರ್ಷದಲ್ಲಿ 10.3. ಅಂದ್ರೆ ನಾವು ಬೈದ ವರ್ಷದಲ್ಲೇ ಬ್ಯಾಟರ್‌ಗಳನ್ನ ಜಾಸ್ತಿ ಸುತ್ತಿಸಿದ್ದ ಮಾರಾಯ! ಆ ವರ್ಷ ಜೂನ್ 25ಕ್ಕೆ ನ್ಯೂಯಾರ್ಕ್‌ನಲ್ಲಿ ಮೆಟ್ಸ್ ಮೇಲೆ ಸತತ ಹತ್ತು ಜನರನ್ನ ಸ್ಟ್ರೈಕ್‌ಔಟ್ ಮಾಡಿದ, 1970ರಲ್ಲಿ ಟಾಮ್ ಸೀವರ್ ಮಾಡಿದ ದಾಖಲೆಗೆ ಸಮ, ಐವತ್ತೊಂದು ವರ್ಷ ಯಾರೂ ಅದರ ಹತ್ರ ಹೋಗಿ ಮುಟ್ಟಿರ್ಲಿಲ್ಲ. ಆ ಮ್ಯಾಚ್ ಏನಾಯ್ತು ಗೊತ್ತಲ್ಲ, ಫಿಲೀಸ್ 2-1ಕ್ಕೆ ಸೋತ್ರು. ನೋಲಾ ಕಥೆಯೆಲ್ಲ ಆ ಒಂದು ಸಾಯಂಕಾಲದಲ್ಲಿದೆ ಅಂತ ನಂಗೆ ಆವಾಗಾವಾಗ ಅನ್ಸುತ್ತೆ.

ಫೀಲ್ಡರ್‌ಗಳನ್ನ ಪಕ್ಕಕ್ಕಿಟ್ಟು ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ (ನಮ್ಮ ಸಿಕ್ಸ್ ಥರ ಬೇಲಿ ದಾಟೋ ಹೊಡೆತ) ಇಂಥವುಗಳ ಮೇಲೆ ಪಿಚರ್‌ನ ಅಳೆಯೋ ಇನ್ನೊಂದು ಅಂಕಿ ಇದೆ, ಫಿಪ್ ಅಂತಾರೆ. 2021ರಲ್ಲಿ ಅವನ ಫಿಪ್ 3.37. ಇಆರ್‌ಎ 4.63. ಇಷ್ಟು ಅಂತರ ಬರೋದು ಕಮ್ಮಿ. ಆ ವರ್ಷದ ಫಿಲೀಸ್ ಫೀಲ್ಡಿಂಗ್ ನೋಡಿದೀರಲ್ಲ, ಇನ್‌ಫೀಲ್ಡ್‌ನಲ್ಲಿ ಬಾಲ್ ಕಾಲ ಕೆಳಗೆ ನುಸುಳಿ ಹೋಗ್ತಿತ್ತು, ಲೀಗ್‌ನಲ್ಲೇ ಕೊನೇ ಬೆಂಚು. ಅದೂ ಒಂದು ಪಾಲು, ಆದ್ರೆ ಎಲ್ಲಾ ತಪ್ಪನ್ನೂ ಫೀಲ್ಡರ್ ತಲೆಗೆ ಕಟ್ಟೋಕೆ ನಾನು ತಯಾರಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ, ಕಾಗದ ತಗೊಳ್ಳಿ. 180 ಇನಿಂಗ್ಸ್ ಹಾಕೋ ಪಿಚರ್‌ಗೆ ಇಆರ್‌ಎ 3.60 ಇದ್ದಿದ್ದು 4.60 ಆಗ್ಬೇಕಾದ್ರೆ ಎಷ್ಟು ರನ್ ಜಾಸ್ತಿ ಕೊಡ್ಬೇಕು? 180ನ 9ರಿಂದ ಭಾಗಿಸಿ, 20. ಬರೀ ಇಪ್ಪತ್ತು ರನ್ ಕಣ್ರೀ, ಆರು ತಿಂಗಳಲ್ಲಿ. ಬೇಸ್ ಮೇಲೆ ಇಬ್ಬರಿದ್ದಾಗ ಹೊಡೆಯೋ ಮೂರು ರನ್‌ನ ಹೋಮ್ ರನ್ ಏಳು ಬಿದ್ರೆ ಮುಗೀತು, ‘ಪರವಾಗಿಲ್ಲ ಒಳ್ಳೆ ಸೀಸನ್’ ಅನ್ನೋದು ‘ಇವನನ್ನ ಯಾಕೆ ಇಟ್ಕೊಂಡಿದಾರೆ’ ಆಗುತ್ತೆ. ಏಳು ಬಾಲ್. ಆ ಏಳರಲ್ಲಿ ನಾಲ್ಕು ಗಾಳಿಗೆ ಸಿಕ್ಕಿ ಬೇಲಿ ಹತ್ರ ಕ್ಯಾಚ್ ಆಗಿದ್ರೆ ಆಫೀಸ್‌ನಲ್ಲಿ ನೀವೇ ನೋಲಾ ಪರ ವಾದ ಮಾಡ್ತಿದ್ರಿ.

ಹಂಗಂತ ಹೋಮ್ ರನ್ ಬೀಳೋದು ಬರೀ ಅದೃಷ್ಟಾನಾ ಅಂದ್ರೆ, ಅಲ್ಲ. ಇಲ್ಲಿ ಅವನ ಆಟದ ಜಾತಿ ಅಂದ್ನಲ್ಲ ಅದು ಬರುತ್ತೆ. ಇವನ ಫಾಸ್ಟ್‌ಬಾಲ್ ಗಂಟೆಗೆ 92 ಮೈಲಿ ಆಸುಪಾಸು, ಅಂದ್ರೆ 148 ಕಿಲೋಮೀಟರ್. ಕ್ರಿಕೆಟ್‌ನಲ್ಲಿ ಇದು ದೊಡ್ಡ ಮಾತು, ಇಲ್ಲಿ ಈಗಿನ ಕಾಲಕ್ಕೆ ಸಾಧಾರಣಕ್ಕಿಂತ ಕಮ್ಮಿ, ಪಕ್ಕದಲ್ಲಿ ಅದೇ ಟೀಮಿನ ಝ್ಯಾಕ್ ವೀಲರ್ ಹಾಕೋದು ನೋಡಿದ್ರೆ ಗೊತ್ತಾಗುತ್ತೆ. ವೇಗ ಕಮ್ಮಿ ಇರೋನು ಬದುಕೋದು ಜಾಗದಿಂದ, ತಿರುವಿನಿಂದ. ತೋರುಬೆರಳನ್ನ ಮಡಚಿ ಬಾಲ್ ಮೇಲೆ ಒತ್ತಿ ಹಾಕೋ ಆ ನಕಲ್ ಕರ್ವ್ ಇದೆಯಲ್ಲ, ಬ್ಯಾಟರ್ ಸೊಂಟದ ಹತ್ರ ಬರ್ತಿದೆ ಅಂತ ಬ್ಯಾಟ್ ಬೀಸೋ ಹೊತ್ತಿಗೆ ಮೊಣಕಾಲ ಕೆಳಗೆ ಹೋಗಿರುತ್ತೆ, ಅದು ಸರಿಯಾಗಿ ಬಿದ್ದ ದಿನ ನೋಡೋಕೆ ಎರಡು ಕಣ್ಣು ಸಾಲದು. ಅದರ ಮೇಲೆ ಇವನಿಗೆ ವಾಕ್ ಕೊಡೋದು ಅಂದ್ರೆ ಆಗಲ್ಲ, ಬ್ಯಾಟರ್ ಪಕ್ಕದ 17 ಇಂಚಿನ ಪ್ಲೇಟ್ ಬಿಟ್ಟು ಆಚೆ ಹೋಗೋ ಮನುಷ್ಯನೇ ಅಲ್ಲ. ಯಾವಾಗ್ಲೂ ಸ್ಟ್ರೈಕ್ ಝೋನ್ (ಬ್ಯಾಟ್‌ಗೆ ಸಿಗೋ ಜಾಗ) ಒಳಗೇ ಹಾಕ್ತಾನೆ ಅಂತ ಬ್ಯಾಟರ್‌ಗೂ ಗೊತ್ತು. ಅಲ್ಲಿಗೆ ನಾಲ್ಕು ಬೆರಳಷ್ಟು ಬಾಲ್ ಮೇಲೆ ನಿಂತ್ರೆ ಸಾಕು, ಸೀಟಲ್ಲಿ ಕೂತೋರ ಕೈಗೆ ಹೋಗುತ್ತೆ. 2022ರಲ್ಲಿ ಅಂಥದ್ದು 19 ಹೋದ್ವು, 2023ರಲ್ಲಿ 32. ಸಾಲದ್ದಕ್ಕೆ ಫಿಲೀಸ್ ಮನೆ ಗ್ರೌಂಡ್ ಸಿಟಿಜನ್ಸ್ ಬ್ಯಾಂಕ್ ಪಾರ್ಕ್ ಲೆಫ್ಟ್ ಫೀಲ್ಡ್ ಮೂಲೆ 329 ಅಡಿ, ರೈಟ್ 330, ನಮ್ಮ ಚಿನ್ನಸ್ವಾಮಿ ಥರದ ಗ್ರೌಂಡ್ ಅದು, ಬೇರೆ ಕಡೆ ಕ್ಯಾಚ್ ಆಗೋದು ಇಲ್ಲಿ ಹೋಮ್ ರನ್.

ಚಿನ್ನಸ್ವಾಮಿ ಅಂದಾಗ ನಂಗೆ ನಮ್ಮ ವಿನಯ್ ಕುಮಾರ್ ನೆನಪಾಗ್ತಾರೆ. 2013ರ ನವೆಂಬರ್ 2, ಆಸ್ಟ್ರೇಲಿಯಾ ಮೇಲಿನ ಒನ್‌ಡೇ, ರೋಹಿತ್ ಶರ್ಮಾ 209 ಹೊಡೆದ ದಿನ, ಅವತ್ತೇ ವಿನಯ್ 9 ಓವರ್‌ಗೆ 102 ಕೊಟ್ರು, ಜನ ಏನೇನು ಅಂದ್ರು ಅಂತ ಹೇಳೋದೇ ಬೇಡ. ಅದೇ ಸೀಸನ್‌ನಲ್ಲಿ ಇದೇ ಮನುಷ್ಯ ಕ್ಯಾಪ್ಟನ್ ಆಗಿ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದ್ರು! ಅವರೂ ಹಂಗೇ, ವೇಗದ ಮೇಲಲ್ಲ, ಲೆಂಗ್ತ್ ಮೇಲೆ ಬದುಕಿದ ಬೌಲರ್. ಒಂದು ಗೇಣು ಆಚೀಚೆ ಆದ್ರೆ, ಬೌಂಡರಿ ಹತ್ರ ಇದ್ರೆ, ಎದುರಿಗಿರೋನು ಲಯದಲ್ಲಿದ್ರೆ ಕಥೆ ಮುಗೀತು. ನೋಲಾನ ಬೈಯೋವಾಗ ನಂಗೆ ಸ್ವಲ್ಪ ಕೈ ತಡೆಯೋದು ಈ ನೆನಪಿಂದಾನೇ.

ತಮಾಷೆ ಅಂದ್ರೆ ಈ ಹೋಮ್ ರನ್ ಕಾಟ ಮೊದಲ ದಿನದಿಂದ ಇದೆ. 2015ರ ಜುಲೈ 21, ನೋಲಾ ಮೊದಲ ಮ್ಯಾಚ್, ಟ್ಯಾಂಪಾ ಬೇ ಎದುರಾಳಿ. ಆರು ಇನಿಂಗ್ಸ್ ಹಾಕಿದ, ಕೊಟ್ಟಿದ್ದು ಒಂದೇ ರನ್, ಮ್ಯಾಚ್ 1-0ಗೆ ಹೋಯ್ತು. ಆ ಒಂದು ರನ್ ಬಂದಿದ್ದು ಹೋಮ್ ರನ್‌ನಿಂದ, ಹೊಡೆದಿದ್ದು ಯಾರು ಅಂದ್ರೆ ಅವರ ಪಿಚರ್ ನೇಥನ್ ಕಾರ್ನ್ಸ್! ಹನ್ನೊಂದನೇ ನಂಬರ್ ಬ್ಯಾಟ್ಸ್‌ಮನ್ ಬಂದು ಸಿಕ್ಸ್ ಹೊಡೆದು ಮ್ಯಾಚ್ ಗೆಲ್ಸಿದ ಹಂಗೆ ಅಂದ್ಕೊಳ್ಳಿ.

ಈಗ ನೀವು ಹೇಳಿದ ಆ ‘ನಾಲ್ಕನೇ ಇನಿಂಗ್ಸ್‌ಗೆ ಆರು ರನ್’ ವಿಷಯ. ಅದು ಯಾವಾಗ್ಲೂ ಒಂದೇ ಥರ ಶುರುವಾಗುತ್ತೆ, ಗಮನಿಸಿದೀರಾ? ಮೂರು ಇನಿಂಗ್ಸ್ ಬೆಣ್ಣೆ ಕಡೆದ ಹಂಗೆ ಹೋಗಿರುತ್ತೆ. ನಾಲ್ಕನೇದರಲ್ಲಿ ಒಬ್ಬ ಮೆತ್ತಗೆ ಒಂದು ಸಿಂಗಲ್ ಹೊಡೀತಾನೆ, ಏನೂ ಅಲ್ಲ ಅದು. ಬೇಸ್ ಮೇಲೆ ಆಳು ನಿಂತ ಅಂದ್ರೆ ಪಿಚರ್ ತನ್ನ ಪೂರ್ತಿ ವೈಂಡ್‌ಅಪ್ ಬಿಟ್ಟು ಅಡ್ಡ ತಿರುಗಿ ನಿಂತು, ಕಾಲು ಬೇಗ ಎತ್ತಿ ಬೇಗ ಇಳಿಸಿ ಹಾಕ್ಬೇಕು, ಇಲ್ಲಾಂದ್ರೆ ರನ್ನರ್ ಬೇಸ್ ಕದ್ದು ಓಡ್ತಾನೆ. ಅಲ್ಲಿಂದ ನೋಲಾ ಬೇರೆಯಾಗ್ತಾನೆ. ಎರಡು ಔಟ್ ಆಗಿರುತ್ತೆ, ಬ್ಯಾಟರ್ ಮೇಲೆ ಎರಡು ಸ್ಟ್ರೈಕ್ ಆಗಿರುತ್ತೆ, ಮುಗಿಸೋಕೆ ಅದೇ ಕರ್ವ್ ಹಾಕ್ತಾನೆ, ಕೈ ಸ್ವಲ್ಪ ಮುಂಚೆ ಬಿಟ್ಟಿರುತ್ತೆ, ಮೊಣಕಾಲ ಕೆಳಗೆ ಸಾಯಬೇಕಿದ್ದ ಬಾಲ್ ಬೆಲ್ಟ್ ಹತ್ರ ತೇಲ್ಕೊಂಡು ನಿಂತಿರುತ್ತೆ. ಟಪ್. ಆ ಸದ್ದು ಕೇಳಿದ ತಕ್ಷಣ ಅವನು ತಿರುಗಿ ಕೂಡ ನೋಡಲ್ಲ, ಅಂಪೈರ್ ಹತ್ರ ಹೊಸ ಬಾಲ್‌ಗೆ ಗ್ಲೌಸ್ ಚಾಚಿ ನಿಂತಿರ್ತಾನೆ.

ಬೇಸ್ ಮೇಲೆ ಬಂದ ರನ್ನರ್‌ಗಳಲ್ಲಿ ಎಷ್ಟು ಜನರನ್ನ ಅಲ್ಲೇ ನಿಲ್ಲಿಸಿ ಇನಿಂಗ್ಸ್ ಮುಗಿಸಿದ ಅನ್ನೋದಕ್ಕೂ ಲೆಕ್ಕ ಇದೆ, ಲೀಗ್ ಸರಾಸರಿ ನೂರಕ್ಕೆ 72ರ ಸುಮಾರು. 2021ರಲ್ಲೂ 2023ರಲ್ಲೂ ನೋಲಾದು ಅದಕ್ಕಿಂತ ಸಾಕಷ್ಟು ಕೆಳಗೆ. ನಿಮ್ಮ ಬೆಸ ವರ್ಷದ ಗುಟ್ಟು ಬಹುತೇಕ ಇಲ್ಲೇ ಇದೆ. 2023ರಲ್ಲಿ ಇನ್ನೊಂದು ಕಷ್ಟ ಸೇರ್ಕೊಳ್ತು, ಪಿಚ್ ಕ್ಲಾಕ್ ಬಂತು. ಬೇಸ್ ಖಾಲಿ ಇದ್ರೆ 15 ಸೆಕೆಂಡ್, ಆಳಿದ್ರೆ 20 ಸೆಕೆಂಡ್ ಒಳಗೆ ಹಾಕ್ಬೇಕು, ರನ್ನರ್‌ನ ಹೆದರಿಸೋಕೆ ಬೇಸ್‌ಗೆ ಎಸೆಯೋದೂ ಒಬ್ಬ ಬ್ಯಾಟರ್‌ಗೆ ಎರಡೇ ಸಲ. ನೋಲಾ ನಿಧಾನದ ಮನುಷ್ಯ, ಮೌಂಡ್ (ಪಿಚರ್ ನಿಲ್ಲೋ ದಿಬ್ಬ) ಹಿಂದೆ ಹೋಗಿ ಬಾಲ್ ಉಜ್ಜಿ, ಉಸಿರು ತಗೊಂಡು, ಯೋಚನೆ ಮಾಡಿ ಹಾಕೋ ಪೈಕಿ. ಅವನ ಆ ಉಸಿರಿಗೇ ಗಡಿಯಾರ ಕಟ್ಟಿದ್ರು. ಮಾರನೇ ವರ್ಷ ರನ್ನರ್ ಇದ್ದಾಗಿನ ಟೈಮ್‌ನ 18ಕ್ಕೆ ಇಳಿಸಿದ್ರು, ಆದ್ರೂ ಆ ವರ್ಷ 3.57ಕ್ಕೆ ಬಂದ, ಅಂದ್ರೆ ಕಲ್ತ. ಇದನ್ನ ಯಾರೂ ಹೊಗಳೋದೇ ಇಲ್ಲ ನೋಡಿ.

ತಲೆಯ ಸಮಸ್ಯೆನಾ ಅಂತ ಕೇಳಿದ್ರಿ. ಒತ್ತಡಕ್ಕೆ ಮುರಿಯೋನು ಅನ್ನೋರಿಗೆ ನಾನು 2022ರ ಅಕ್ಟೋಬರ್ 3 ತೋರಿಸ್ತೀನಿ. ಗೆದ್ರೆ ಹನ್ನೊಂದು ವರ್ಷದ ಮೇಲೆ ಪ್ಲೇಆಫ್, ಹ್ಯೂಸ್ಟನ್‌ನಲ್ಲಿ ಆಟ, ಏಳನೇ ಇನಿಂಗ್ಸ್‌ನಲ್ಲಿ ಎರಡು ಔಟ್ ಆಗೋವರೆಗೆ ಒಬ್ಬನನ್ನೂ ಬೇಸ್ ಮುಟ್ಟೋಕೆ ಬಿಡ್ಲಿಲ್ಲ. ಅದೇ ತಿಂಗಳ ಕೊನೆಗೆ ವರ್ಲ್ಡ್ ಸೀರೀಸ್ ಮೊದಲ ಮ್ಯಾಚ್, ಅದೇ ಊರು, ಅದೇ ಎದುರಾಳಿ, ಮೂರು ಇನಿಂಗ್ಸ್‌ನಲ್ಲಿ 5-0 ಹಿಂದೆ ಬಿದ್ರು, ಅವರ ಕೈಲ್ ಟಕರ್ ಒಬ್ಬನೇ ಎರಡು ಹೋಮ್ ರನ್. ಅವತ್ತು ಹೆಂಗೋ ಬ್ಯಾಟಿಂಗ್ ಕಾಪಾಡಿ 6-5 ಗೆದ್ರು. 2023ರಲ್ಲೂ ಅರಿಝೋನಾ ಮೇಲಿನ ಒಂದೇ ಸೀರೀಸ್‌ನಲ್ಲಿ ಎರಡನೇ ಮ್ಯಾಚ್ ಆರು ಇನಿಂಗ್ಸ್ ರನ್ನೇ ಇಲ್ಲ, ಫಿಲೀಸ್ 10-0 ಗೆದ್ರು. ಆರನೇ ಮ್ಯಾಚ್, ಒಂದು ಗೆದ್ರೆ ವರ್ಲ್ಡ್ ಸೀರೀಸ್, ಮನೆ ಗ್ರೌಂಡ್, ಎರಡನೇ ಇನಿಂಗ್ಸ್‌ನಲ್ಲೇ ಟಾಮಿ ಫ್ಯಾಮ್, ಗುರ್ರಿಯೆಲ್ ಬೆನ್ನುಬೆನ್ನಿಗೆ ಎರಡು ಹೋಮ್ ರನ್, 5-1 ಸೋಲು, ಮಾರನೇ ದಿನ ಏಳನೇದೂ ಹೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಒತ್ತಡ ಎರಡೂ ದಿನ ಒಂದೇ ಸಾರ್, ಬಾಲ್ ನಿಂತ ಎತ್ತರ ಬೇರೆ.

ಅಣ್ಣನ ಕಥೆ ಇನ್ನೂ ಚಂದ. 2022ರಲ್ಲೇ ಸ್ಯಾನ್ ಡಿಯಾಗೊ ಟೀಮ್‌ನಲ್ಲಿ ಇವನ ಸ್ವಂತ ಅಣ್ಣ ಆಸ್ಟಿನ್ ನೋಲಾ ಆಡ್ತಿದ್ದ. ಪ್ಲೇಆಫ್‌ನಲ್ಲಿ ತಮ್ಮ ಬಾಲ್ ಹಾಕಿ ಅಣ್ಣ ಬ್ಯಾಟ್ ಬೀಸಿದ್ದು ಬೇಸ್‌ಬಾಲ್ ಚರಿತ್ರೆಯಲ್ಲೇ ಮೊದಲು. ಐದನೇ ಇನಿಂಗ್ಸ್‌ನಲ್ಲಿ ಅಣ್ಣ ಸಿಂಗಲ್ ಹೊಡೆದು ರನ್ ತಂದ, ಅಲ್ಲಿಂದ ಇನಿಂಗ್ಸ್ ಒಡೀತು, ಮ್ಯಾಚ್ 8-5 ಹೋಯ್ತು. ಆವಾಗ್ಲೂ ಮುಖದಲ್ಲಿ ಒಂದು ಗೆರೆ ಬದಲಾಗ್ಲಿಲ್ಲ. ನಂಗನ್ಸುತ್ತೆ ನಿಮ್ಮ ಸಿಟ್ಟಿಗೆ ಅರ್ಧ ಕಾರಣ ಆ ಕಲ್ಲುಮುಖ. ಗ್ಲೌಸ್ ನೆಲಕ್ಕೆ ಬಡಿದು ತನ್ನನ್ನ ತಾನೇ ಬೈಕೊಳ್ಳೋನನ್ನ ಫಿಲಡೆಲ್ಫಿಯಾ ಜನ ಕ್ಷಮಿಸ್ತಾರೆ, ಇವನು ಆರು ರನ್ ಕೊಟ್ಟೂ ಬಸ್‌ಗೆ ಕಾಯೋನ ಥರ ನಿಂತಿರ್ತಾನೆ, ಇವನಿಗೆ ಏನೂ ಅನ್ಸಲ್ವಾ ಅಂತ ನಮಗೆ ಉರಿಯುತ್ತೆ. ಹತ್ತು ಸ್ಟ್ರೈಕ್‌ಔಟ್ ಮಾಡಿದಾಗ್ಲೂ ಅದೇ ಮುಖ ಇತ್ತು, ಅದನ್ನ ಮರೀತೀವಿ.

ಇಲ್ಲಿವರೆಗೆ ಅವನ ಪರ ಮಾತಾಡ್ದೆ. ಈಗ 2025. ಇದನ್ನ ಬೇರೆ ಬೆಸ ವರ್ಷಗಳ ಸಾಲಿಗೆ ಸೇರಿಸ್ಬೇಡಿ ಅಂತ ಮೊದಲೇ ಹೇಳಿದ್ದು ಅದಕ್ಕೇ. ಶುರುವಿನಲ್ಲೇ ಐದಕ್ಕೆ ಐದು ಸೋತ, ಮೇ ತಿಂಗಳಲ್ಲಿ ಬಲಗಾಲಿನ ಹಿಮ್ಮಡಿ ಗಂಟು ಉಳುಕ್ತು, ಅದು ವಾಸಿ ಆಗೋ ಹೊತ್ತಿಗೆ ಪಕ್ಕೆಲುಬಿನ ತೊಂದರೆ, ಆಗಸ್ಟ್‌ವರೆಗೆ ಮನೆ. ಹಾಕಿದ್ದು 94 ಇನಿಂಗ್ಸ್. ಬಲಗೈ ಪಿಚರ್‌ಗೆ ಬಲಗಾಲು ಅಂದ್ರೆ ಬಾಣ ಬಿಡೋನಿಗೆ ಬಿಲ್ಲಿದ್ದಂಗೆ, ರಬ್ಬರ್ ಪಟ್ಟಿ ಮೇಲೆ ಆ ಕಾಲು ಒತ್ತಿಯೇ ದೇಹ ಮುಂದಕ್ಕೆ ಚಿಮ್ಮೋದು. ವೇಗ ಮೊದಲೇ ಕಮ್ಮಿ ಇರೋನಿಗೆ ಇನ್ನೊಂದು ಮೈಲಿ ಹೋದ್ರೆ ಕರ್ವ್ ಎಷ್ಟೇ ಚೆನ್ನಾಗಿದ್ರೂ ಬ್ಯಾಟರ್ ಕಾದು ಹೊಡೀತಾನೆ. ವಯಸ್ಸು ಮೂವತ್ತೆರಡು ದಾಟ್ತು. ಆದ್ರಿಂದ ನಿಮ್ಮ ಹೆಂಡತಿ ಲೆಕ್ಕದ ಮೇಲೆ ‘2026 ಸಮ ವರ್ಷ, ತಾನಾಗೇ ಸರಿಹೋಗುತ್ತೆ’ ಅಂತ ಬಾಜಿ ಕಟ್ಬೇಡಿ. ಅವನು ಸರಿಹೋಗ್ಬೇಕಾದ್ರೆ ಕಾಲು ಸರಿಹೋಗ್ಬೇಕು, ಫಾಸ್ಟ್‌ಬಾಲ್ 92ಕ್ಕೆ ವಾಪಸ್ ಬರ್ಬೇಕು. ಬಂದ್ರೆ ಹಳೇ ನೋಲಾ, ಅಂದ್ರೆ ಹಳೇ ತಲೆನೋವೂ ಸೇರಿ. ಬರ್ದೆ ಇದ್ರೆ ನಾವು ಅದೃಷ್ಟ, ಫೀಲ್ಡಿಂಗ್ ಅಂತೆಲ್ಲ ಲೆಕ್ಕ ಹಾಕೋದರಲ್ಲಿ ಅರ್ಥ ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. 2023ರ ನವೆಂಬರ್‌ನಲ್ಲಿ ಏಳು ವರ್ಷಕ್ಕೆ 172 ಮಿಲಿಯನ್, ವರ್ಷಕ್ಕೆ ಇಪ್ಪತ್ತನಾಲ್ಕೂವರೆ, 2030ರವರೆಗೆ. ಬೇರೆ ಟೀಮಿಗೆ ದಾಟಿಸೋದು ಅಷ್ಟು ಸುಲಭ ಇಲ್ಲ. ಲೀಗ್‌ನಲ್ಲಿ ಹತ್ತು ವರ್ಷ ಆಗಿ ಅದರಲ್ಲಿ ಕೊನೇ ಐದು ಒಂದೇ ಟೀಮ್‌ನಲ್ಲಿ ಕಳೆದಿರೋ ಆಟಗಾರನನ್ನ ಅವನ ಒಪ್ಪಿಗೆ ಇಲ್ದೆ ಟ್ರೇಡ್ ಮಾಡಂಗಿಲ್ಲ ಅಂತ ನಿಯಮ, 2015ರಿಂದ ಫಿಲೀಸ್‌ನಲ್ಲೇ ಇರೋ ನೋಲಾಗೆ ಆ ಹಕ್ಕು ಬಂದಾಗಿದೆ. ಒಪ್ಪಿದ್ರೂ 6.01 ಇಆರ್‌ಎ ನೋಡಿ ಆ ಸಂಬಳ ಹೊರೋಕೆ ಯಾರು ಬರ್ತಾರೆ? ಅರ್ಧ ಸಂಬಳ ನಾವೇ ಕಟ್ಬೇಕಾಗುತ್ತೆ.

ಆ ದುಡ್ಡು ಕೊಟ್ಟಿದ್ದು ಯಾತಕ್ಕೆ ಅನ್ನೋದನ್ನೂ ನೋಡಿ. 2018ರಿಂದ 2024ರವರೆಗೆ, ಅರವತ್ತೇ ಮ್ಯಾಚ್‌ನ ಕೋವಿಡ್ ವರ್ಷ ಸೇರಿ, 1,260ರ ಮೇಲೆ ಇನಿಂಗ್ಸ್ ಹಾಕಿದಾನೆ. ಮೊಣಕೈ ಆಪರೇಷನ್ ಅಂತ ವರ್ಷಗಟ್ಟಲೆ ಮಲಗೋ ಪಿಚರ್‌ಗಳ ಕಾಲದಲ್ಲಿ ಇದು ಸಣ್ಣದಲ್ಲ. ಇವನು ಐದನೇ ದಿನಕ್ಕೆ ಬಂದು ಆರು ಇನಿಂಗ್ಸ್ ನುಂಗಿಕೊಂಡು ಹೋದ್ರೆ ಬುಲ್‌ಪೆನ್‌ನವರಿಗೆ (ಆಮೇಲೆ ಬಂದು ಹಾಕೋ ಪಿಚರ್‌ಗಳಿಗೆ) ಒಂದು ರಾತ್ರಿ ನಿದ್ದೆ, ಅದರ ಫಲ ಮಾರನೇ ದಿನದ ಮ್ಯಾಚ್‌ನಲ್ಲಿ ಬೇರೆಯವರ ಹೆಸರಲ್ಲಿ ಕಾಣ್ಸುತ್ತೆ. ಮ್ಯಾನೇಜ್‌ಮೆಂಟ್ ಕೊಂಡಿದ್ದು ಆ ನಂಬಿಕೆನ. ನಾವು ಫ್ಯಾನ್‌ಗಳು ಕೊಂಡಿದ್ದು ಏಸ್, ಅಂದ್ರೆ ಟೀಮಿನ ನಂಬರ್ ಒನ್ ಪಿಚರ್ ಅಂತ. 2018ರಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಓಟಿಂಗ್‌ನಲ್ಲಿ ಮೂರನೇ ಸ್ಥಾನ ಬಂದ್ನಲ್ಲ, ಆವತ್ತು ಅಂಟಿಸಿದ ಹೆಸರು ಅದು, ಇವತ್ತಿಗೂ ನಾವು ಕಿತ್ತಿಲ್ಲ. ವೀಲರ್ ಥರದೋನನ್ನ ಮೊದಲಿಟ್ಟು ನೋಲಾನ ಮೂರನೇ ನಾಲ್ಕನೇ ಸ್ಟಾರ್ಟರ್ (ಮ್ಯಾಚ್ ಶುರು ಮಾಡೋ ಪಿಚರ್) ಅಂತ ನೋಡಿದ್ರೆ ನಿಮ್ಮ ಬಿಪಿ ಎಷ್ಟೋ ಇಳಿಯುತ್ತೆ. ಆದ್ರೆ ಒಪ್ತೀನಿ, ನಾಲ್ಕನೇ ಸ್ಟಾರ್ಟರ್‌ಗೆ ಇಪ್ಪತ್ತನಾಲ್ಕೂವರೆ ಮಿಲಿಯನ್ ಜಾಸ್ತೀನೇ ಆಯ್ತು, ಅದೂ ಮೂವತ್ತೇಳನೇ ವಯಸ್ಸಿನವರೆಗೆ. ಏಳರ ಬದಲು ಐದು ವರ್ಷಕ್ಕೆ ಮುಗಿಸಿದ್ರೆ ನಾನು ಬಾಯಿ ಮುಚ್ಕೊಂಡಿರ್ತಿದ್ದೆ.

2025ರ ಅಕ್ಟೋಬರ್ 8ಕ್ಕೆ ಮ್ಯಾನೇಜರ್ ರಾಬ್ ಥಾಮ್ಸನ್ ಮಾಡಿದ್ದು ನಂಗೆ ಹಿಡಿಸ್ತು. ಡಾಡ್ಜರ್ಸ್ ಮೇಲೆ ಸೋತ್ರೆ ಮನೆಗೆ ಅನ್ನೋ ಮ್ಯಾಚ್, ವೀಲರ್ ಕಾಯಿಲೆ ಬಿದ್ದು ಹೊರಗೆ, ನೋಲಾ ಕೈಗೆ ಬಾಲ್ ಕೊಟ್ರು, ಎರಡೇ ಇನಿಂಗ್ಸ್ ಹಾಕ್ಸಿ, ರನ್ ಇಲ್ದೆ ಮುಗಿಸಿದ ತಕ್ಷಣ ಸಾಕು ಬಾ ಅಂತ ಕರೆದು ಇನ್ನೊಬ್ಬ ಪಿಚರ್ ರೇಂಜರ್ ಸ್ವಾರೆಜ್‌ನ ಕಳ್ಸಿದ್ರು. 8-2 ಗೆದ್ರು. ಒಬ್ಬ ಪಿಚರ್‌ನ ಅದೇ ಬ್ಯಾಟರ್‌ಗಳು ಎರಡನೇ ಸಲ, ಮೂರನೇ ಸಲ ನೋಡಿದ ಹಾಗೆ ಹೊಡೆಯೋದು ಜಾಸ್ತಿ ಆಗುತ್ತೆ, ಅದು ಎಲ್ಲರಿಗೂ ಅನ್ವಯಿಸೋ ಮಾತು, ವೇಗ ಇಲ್ಲದವನಿಗೆ ಇನ್ನೂ ಜಾಸ್ತಿ. ಲೀಗ್ ಮ್ಯಾಚ್‌ಗಳಲ್ಲಿ ಎರಡೇ ಇನಿಂಗ್ಸ್ ಅಂತೂ ಆಗಲ್ಲ, ಆದ್ರೆ ಐದಾದ ಮೇಲೆ ಬೇಸ್ ಮೇಲೆ ಆಳು ಬಂದ ಕೂಡ್ಲೇ ಬುಲ್‌ಪೆನ್‌ಗೆ ಫೋನ್ ಹೋಗ್ಲಿ ಅಂತ ನಾನು ಟಿವಿ ಮುಂದೆ ಕೂತು ಕಿರುಚೋದು ಇದಕ್ಕೇ.

ಟಿಕೆಟ್ ವಿಷಯ. ಎರಡು ತಿಂಗಳು ಮುಂಚೆ ಟಿಕೆಟ್ ತಗೊಂಡ್ರೆ ಅವತ್ತು ಯಾರು ಹಾಕ್ತಾರೆ ಅಂತ ಯಾರಿಗೂ ಗೊತ್ತಿರಲ್ಲ, ಒಂದು ಮಳೆ ಬಂದ್ರೆ ಸರದಿ ಎಲ್ಲ ಏರುಪೇರು, ಆದ್ರಿಂದ ಹುಟ್ಟಿದಹಬ್ಬದ ದಿನ ನೋಡಿ ತಗೊಳ್ಳಿ. ಸೀಟು ಮೂರನೇ ಬೇಸ್ ಕಡೆ ಸಿಕ್ರೆ ಒಳ್ಳೇದು, ಬಲಗೈ ಪಿಚರ್ ಅಡ್ಡ ತಿರುಗಿ ನಿಂತಾಗ ಎದೆ ನಿಮ್ಮ ಕಡೆಗೇ ಇರುತ್ತೆ. ಒಂದು ವೇಳೆ ನೋಲಾನೇ ಬಂದ್ರೆ ಮೊದಲ ಇನಿಂಗ್ಸ್‌ನಲ್ಲಿ ಸ್ಕೋರ್‌ಬೋರ್ಡ್ ಮೇಲೆ ಫಾಸ್ಟ್‌ಬಾಲ್ ವೇಗ ನೋಡಿ ಬರ್ಕೊಳ್ಳೋಕೆ ಮಗನಿಗೆ ಹೇಳಿ, 92 ಬರ್ತಿದ್ರೆ ನಿರಾಳವಾಗಿ ಕೂತ್ಕೊಳ್ಳಿ, 90 ತೋರಿಸ್ತಿದ್ರೆ ಪ್ರೆಟ್ಜೆಲ್ ತರೋಕೆ ನಾಲ್ಕನೇ ಇನಿಂಗ್ಸ್ ಹೊತ್ತಿಗೆ ಎದ್ದು ಹೋಗ್ಬಿಡಿ.